ಬಾಗಿಲ ಬಳಿಯ ಜಾಗ

ಬೂಕನಕೆರೆ ಕಡೆಯ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ನಮಗೊಬ್ಬರು ಹೆಡ್‌ಮೇಡಂ ಇದ್ದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಮಾತಿಗೆ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವರು. ಆಮೇಲೆ, "ತಡೀರಿ, ಅವಸರ ಏನೈತೆ?"

ಮೂರನೇ ತರಗತಿಯಲ್ಲಿ ಮಾತು ಬಾರದ ಹುಡುಗಿಯೊಬ್ಬಳಿದ್ದಳು. ಗದ್ದಲ ಹೆಚ್ಚಾದರೆ ಕಿರುಚಿ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಒಂದು ದಿನ ಅವಳೆಸೆದ ಸ್ಟೀಲ್ ಬಾಟಲಿ ಪಕ್ಕದ ಹುಡುಗನ ಹಣೆಗೆ ಬಡಿದು ರಕ್ತ ಬಂತು. ನಾನು ಅವಳನ್ನು ಹೊರಗೆ ಎಳೆದೊಯ್ಯಲು ಹೋದೆ. ಅಷ್ಟರಲ್ಲಿ ಮೇಡಂ ಬಂದರು.

"ಅವಳ್ನ ಮುಟ್ಬೇಡಿ. ಮಿಕ್ಕ ಮಕ್ಕಳ್ನ ಆಚೆ ಕರ್ಕೊಂಡೋಗಿ."

ನಾನು ಮರದಡಿ ಹುಡುಗನ ಗಾಯ ತೊಳೆದು ಪಟ್ಟಿ ಕಟ್ಟಿದೆ. ಕಿಟಕಿಯಲ್ಲಿ ಕಾಣುತ್ತಿತ್ತು: ಮೇಡಂ ಅವಳಿಂದ ದೂರದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಕಿರುಚಾಟ ಅಳುವಾಯಿತು, ಅಳು ನಿಂತಿತು.

ಸಂಜೆ ಹುಡುಗನ ಅಪ್ಪ ಬೈಕಿನಲ್ಲಿ ಬಂದ. "ಆ ಹುಚ್ಚು ಹುಡ್ಗೀನ ಮನೇಲಿಟ್ಕೊಳಕ್ಕೆ ಹೇಳ್ಬುಡಿ ಮೇಡಂ. ಇಲ್ಲಾಂದ್ರೆ ನನ್ ಮಗನ್ನ ಬುಡಿಸ್ಕೊಂಡೋಯ್ತೀನಿ."

ಮೇಡಂ ಕನ್ನಡಕ ಒರೆಸಿದರು. "ನಿಮ್ ಮಗಂಗೆ ಪೆಟ್ಟಾಗಿದ್ದು ನಮ್ ತಪ್ಪು ಕಣಪ್ಪ, ಗದ್ದಲ ಆಗಕ್ಕೆ ಬುಟ್ಟೋರು ನಾವು. ನಾಳೆಯಿಂದ ಅವಳಿಗೆ ಬಾಗ್ಲತ್ರ ಜಾಗ ಮಾಡ್ತೀವಿ. ಅವಳ್ನ ಮಾತ್ರ ಕಳ್ಸಕ್ಕಿಲ್ಲ."

ಮಾರನೇ ದಿನ ಬೆಳಿಗ್ಗೆ ಅವನು ಮಗನನ್ನು ಬಿಡಿಸಿಕೊಂಡು ಹೋದ. ಮೇಡಂ ಟಿ.ಸಿ.ಗೆ ಸಹಿ ಹಾಕಿ, ಹುಡುಗನ ತಲೆ ಸವರಿ ಕಳಿಸಿದರು. ಅವತ್ತು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಹುಡುಗಿ ಆ ವರ್ಷವಿಡೀ ಬಾಗಿಲ ಬಳಿ ಕೂತಳು. ಗದ್ದಲ ತಡೆಯಲಾಗದಿದ್ದಾಗ ತಾನೇ ಎದ್ದು ಆಚೆ ಹೋಗುವಳು. ಸ್ವಲ್ಪ ಹೊತ್ತಿಗೆ ತಾನೇ ಒಳಗೆ ಬರುವಳು.