ಅತ್ತೆಯ ಸಿಂಹಾಸನ ಕೆಳಗಿಳಿದದ್ದು

ನಾನು ಅತ್ತೆಯನ್ನು ಹೊಗಳಲು ಶುರುಮಾಡಿದರೆ ನನ್ನ ಗೆಳತಿಯರು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆಯೇ ಇರುವಾಗ ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಕಾಲ ಹಂಚಿಕೊಳ್ಳುವ ಪ್ರಸಂಗ ಬರಲಿಲ್ಲ. ನಾವು ಮನೆಯನ್ನೇ ಹಂಚಿಕೊಂಡಿದ್ದೆವು. ಅವರು ಕೆಳಗೆ ನೆಲಮಾಳಿಗೆಯಲ್ಲಿ, ನಾನು, ನನ್ನ ಗಂಡ ಮತ್ತು ಮಗಳು ಮೇಲೆ.

ಅತ್ತೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಹಾಸಿಗೆಯ ಹೊದಿಕೆ, ರೋಗಿಗಳ ಅಂಗಿ, ಡಾಕ್ಟರರ ಬಿಳಿ ಕೋಟಿನ ಹರಿದ ಜೇಬು, ಎಲ್ಲವೂ ಅವರ ಕೈಯಲ್ಲಿ ಸರಿಯಾದದ್ದೇ. ಮಾವ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನು ಹೊರಿಸಿಕೊಂಡು ಕೆಳಗಿಳಿದರು. ಯಾಕೆ ಎಂದು ಕೇಳಿದ್ದಕ್ಕೆ, "ಗಂಡ ಹೆಂಡ್ತಿ ಜಗಳ ಆಡೋಕೂ ಜಾಗ ಬೇಕಲ್ವಾ? ಮೇಲೆ ಆಡ್ಕೊಳ್ಳಿ" ಎಂದರು. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ರಸ್ತೆಯ ಮಟ್ಟಕ್ಕೆ. ಅದರಲ್ಲಿ ಜನರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಅತ್ತೆಗೆ ಅಷ್ಟು ಸಾಕು. "ಏನಪ್ಪಾ ಕಂದು ಬೂಟು, ಪ್ಯಾಂಟಿನ ಮಡಿಕೆ ಬಿಚ್ಚೋಗಿದೆ, ಇಳಿದು ಬಾ, ಹಾಕ್ಕೊಡ್ತೀನಿ" ಎಂದು ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಿದ್ದರು. ಬಂದವರು ಮಡಿಕೆ ಹಾಕಿಸಿಕೊಂಡು, ಬುದ್ಧಿವಾದವನ್ನೂ ಕೇಳಿಸಿಕೊಂಡು ಹೋಗುತ್ತಿದ್ದರು.

ಆ ಕೋಣೆಗಿದ್ದ ದೊಡ್ಡ ದೋಷವೆಂದರೆ ಅದರ ಟಾಯ್ಲೆಟ್. ಕಟ್ಟಿಸಿದವರಿಗೆ ನೆಲ ಅಗೆಯಲು ಸೋಮಾರಿತನ. ಕೊಳವೆಯಲ್ಲಿ ನೀರು ಇಳಿದು ಹೋಗಲು ವಾಟ, ಅಂದರೆ ಇಳಿಜಾರು ಬೇಕಲ್ಲ, ಅದಕ್ಕೆ ಮೂಲೆಯಲ್ಲಿ ಎತ್ತರದ ಕಟ್ಟೆ ಕಟ್ಟಿ, ಕಡಿದಾದ ಮೆಟ್ಟಿಲಿಟ್ಟು, ಅದರ ಮೇಲೆ ಕಮೋಡ್ ಕೂರಿಸಿದ್ದರು. ಕುಳಿತರೆ ಚಾವಣಿ ತಲೆಗೆ ತಾಗುವಷ್ಟು ಹತ್ತಿರ. ನಾವೆಲ್ಲ ಅದನ್ನು ಸಿಂಹಾಸನ ಎನ್ನುತ್ತಿದ್ದೆವು. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, "ದರ್ಬಾರ್ ಮುಗಿಸ್ಕೊಂಡು ಬರ್ತೀನಿ, ಯಾರಾದ್ರೂ ಬಂದ್ರೆ ಕೂರಿಸು" ಎಂದು ಹತ್ತಿ ಹೋಗುತ್ತಿದ್ದರು.

ಬಸ್ ನಿಲ್ದಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ದರ್ಬಾರು ನಿಂತುಹೋಯಿತು. ಆಪರೇಷನ್ ಆಯಿತು, ವಾಕರ್ ಬಂತು. ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದರು. ಹಾಗಾಗಿ ಆಸ್ಪತ್ರೆಯಿಂದ ನೇರ, ಹೆಚ್ಚು ಕಡಿಮೆ ರಸ್ತೆಯ ಮಟ್ಟದಲ್ಲೇ ಇರುವ ಮೇಲಿನ ಮನೆಯ ಚಿಕ್ಕ ಕೋಣೆಗೆ ಕರೆತಂದೆವು. ಟಾಯ್ಲೆಟ್ಟಿಗೆ ನಾನೇ ಕರೆದುಕೊಂಡು ಹೋಗಬೇಕು, ಬಿದ್ದರೆ ಎಂಬ ಭಯಕ್ಕೆ ಬಾಗಿಲನ್ನು ಅರ್ಧ ತೆರೆದೇ ಇಡಬೇಕು, ನಾನು ಹೊರಗೆ ಗೋಡೆ ನೋಡುತ್ತಾ ನಿಲ್ಲಬೇಕು. ಅತ್ತೆ ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಆಗಲೇ ಗೊತ್ತಾಗುತ್ತಿತ್ತು. ಅವರು ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟಿದ್ದರು. ನಾನಿಟ್ಟ ನೀರು ಕಿಟಕಿಯ ಗಿಡದ ಕುಂಡಕ್ಕೆ ಹೋಗುತ್ತಿತ್ತು. ಗಿಡ ನಳನಳಿಸುತ್ತಿತ್ತು, ಅತ್ತೆ ಸೊರಗುತ್ತಿದ್ದರು. ಮೂತ್ರದ ಸೋಂಕಾಗಿ ಜ್ವರ ಬಂದಾಗ ಡಾಕ್ಟರ್ ಇಬ್ಬರಿಗೂ ಸೇರಿಸಿ ಬೈದರು.

"ಯಾಕತ್ತೆ ಹೀಗೆ ಮಾಡಿದ್ರಿ?" ಎಂದು ನಾನು ರೇಗಿದೆ.

ಅತ್ತೆ ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಾ, "ನನಗೆ ಬೇರೇನೂ ಬೇಡ ಕಣೇ" ಎಂದರು. "ನನ್ನ ಕೋಣೆಗೆ ಹೋಗ್ಬೇಕು. ಬಾಗಿಲು ಹಾಕ್ಕೊಂಡು ಒಬ್ಬಳೇ ಕೂತ್ಕೋಬೇಕು. ಅಷ್ಟೇ."

ಅದಕ್ಕೇ ಮೀಸೆ ಪ್ಲಂಬರ್ ನಮ್ಮ ಮನೆಗೆ ಬಂದದ್ದು. ಮೀಸೆ ನೋಡಿದರೆ ಭಯವಾಗುತ್ತದೆ, ಬಾಯಿ ಬಿಟ್ಟರೆ ನಗು ಬರುತ್ತದೆ. ಅವರು ಸಿಂಹಾಸನವನ್ನು ಮೇಲಿನಿಂದ ಕೆಳಗೆ ನೋಡಿ, "ಇದನ್ನ ಕಟ್ಟಿದವನಿಗೆ ಕೈ ಮುಗೀಬೇಕು. ದೂರದಿಂದ" ಎಂದರು. ಅವರ ಲೆಕ್ಕ ಸರಳವಾಗಿತ್ತು. ಮೇಲಿನ ಮನೆಯ ನೀರೆಲ್ಲ ಗೋಡೆಯೊಳಗಿನ ಕೊಳವೆಯಲ್ಲಿ ಇಳಿದು, ನೆಲಮಾಳಿಗೆಯ ನೆಲದಡಿ ಹಾದು ರಸ್ತೆಯ ಚರಂಡಿಗೆ ಸೇರುತ್ತದೆ. ಆ ದೊಡ್ಡ ಕೊಳವೆ ಸಿಕ್ಕರೆ, ಅದರ ಪಕ್ಕದಲ್ಲೇ ನೆಲದ ಮಟ್ಟಕ್ಕೆ ಕಮೋಡ್ ಕೂರಿಸಬಹುದು. ಆಗ ಕಟ್ಟೆಯೂ ಬೇಡ, ಮೆಟ್ಟಿಲೂ ಬೇಡ.

"ಪೈಪು ಯಾವತ್ತೂ ನೇರ ಹೋಗತ್ತೆ ಅಕ್ಕಾ, ಮನುಷ್ಯರ ಹಾಗಲ್ಲ" ಎಂದು ಗೋಡೆಯಿಂದ ರಸ್ತೆಯ ಕಡೆಗೆ ಸುಣ್ಣದ ಗೆರೆ ಎಳೆದು ಅಗೆಸಿದರು. ಟೈಲ್ಸ್ ಒಡೆದವು, ಕಾಂಕ್ರೀಟು ಒಡೆಯಿತು, ಧೂಳು ಮೆಟ್ಟಿಲೇರಿ ನಮ್ಮ ಅನ್ನದ ತಟ್ಟೆಗೂ ಬಂತು. ಗುಂಡಿಯಲ್ಲಿ ಸಿಕ್ಕಿದ್ದು ಒಣ ಮಣ್ಣು ಮತ್ತು ಇಟ್ಟಿಗೆ ಚೂರು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದರು ನನ್ನ ಗಂಡ.

"ಇಲೀನೂ ಸಿಗ್ಲಿಲ್ವಲ್ಲಣ್ಣ" ಎಂದು ಪ್ಲಂಬರ್ ಮೀಸೆಯ ಧೂಳು ಒರೆಸಿಕೊಂಡರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆದ್ರೆ ಇಲ್ಲಿ ನಿಜವಾಗ್ಲೂ ಏನೋ ಡೊಂಕಿದೆ. ಇನ್ನು ಇಡೀ ನೆಲ ಒಡೀಬೇಕು, ಇಲ್ಲಾಂದ್ರೆ ಬಿಟ್ಬಿಡ್ಬೇಕು."

ನನ್ನ ಗಂಡ ಒಳ್ಳೆಯವರೇ, ಆದರೆ ಧೂಳು ಕಂಡರೆ ಅವರ ತಾಳ್ಮೆ ಹಾರಿಹೋಗುತ್ತದೆ. ಮೇಲೆ ಬಂದು ಅತ್ತೆಯ ಮಂಚದ ಪಕ್ಕ ಕುಳಿತು, "ಅಮ್ಮಾ, ಸಾಕು ಬಿಡಮ್ಮ. ಗುಂಡಿ ಮುಚ್ಚಿಸ್ತೀನಿ. ನೀನು ಇಲ್ಲೇ ಇದ್ಬಿಡು, ನಾವಿದೀವಲ್ಲ" ಎಂದರು. ಪ್ರೀತಿಯ ಮಾತೇ. ಆದರೆ ಅತ್ತೆಯ ಮುಖ ಬಾಡಿತು. ಅವರು, "ನನ್ನ ಒಂದ್ಸಲ ಕೆಳಗೆ ಕರ್ಕೊಂಡು ಹೋಗ್ರಪ್ಪ" ಎಂದರು.

ಕುರ್ಚಿಯಲ್ಲಿ ಕೂರಿಸಿ, ಮುಂದೆ ಪ್ಲಂಬರ್, ಹಿಂದೆ ನನ್ನ ಗಂಡ ಹಿಡಿದು ಇಳಿಸಿದರು. ಅತ್ತೆ ಗುಂಡಿಯನ್ನು ನೋಡಿದರು, ಬಟ್ಟೆಯ ಬೀರುವನ್ನು ನೋಡಿದರು. ಆಮೇಲೆ ಪ್ಲಂಬರ್‌ಗೆ, "ಮೇಲೆ ನೀರು ಬಿಟ್ರೆ ಮೊದ್ಲು ಈ ಗೋಡೆಯೊಳಗೆ ಇಳಿಯತ್ತಪ್ಪ. ಆಮೇಲೆ ನೇರ ಹೋಗಲ್ಲ. ಆ ಬೀರು ಕೆಳಗೆ ಬಂದು ಗೊಟಕ್ ಅನ್ನತ್ತೆ. ಅಲ್ಲಿಂದ ನನ್ನ ಮಂಚದ ತಲೆ ಹತ್ರ ತಿರುಗಿ ಹೊರಗೆ ಹೋಗತ್ತೆ" ಎಂದರು.

"ಅಮ್ಮಾ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು ಪ್ಲಂಬರ್.

"ನನ್ನ ಹೊಲಿಗೆಗೆ ಯಾರಾದ್ರೂ ಬಾಯಿ ಹಾಕಿದ್ರೆ ನನಗೆ ಆಗಲ್ಲ. ನಿನ್ನ ಕೆಲಸಕ್ಕೆ ನಾನ್ಯಾಕೆ ಹಾಕ್ಲಿ ಅಂತ ಸುಮ್ನಿದ್ದೆ."

ಪ್ಲಂಬರ್ ಬಿದ್ದು ಬಿದ್ದು ನಕ್ಕರು. ಬೀರು ಸರಿಸಿ, ಹಾರೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿ ಕುಳಿತು, ಮೇಲೆ ಬಕೆಟ್ ನೀರು ಸುರಿಯಲು ಹೇಳಿದರು. ನಾನು ಸುರಿದು ಓಡಿ ಬರುವಷ್ಟರಲ್ಲಿ ಅವರ ಮುಖ ಅರಳಿತ್ತು. ಅಲ್ಲಿ ಅಗೆದಾಗ ಕೊಳವೆ ಸಿಕ್ಕಿತು. ಒಂದು ಕಂಬದ ಬುಡವನ್ನು ಬಳಸಿಕೊಂಡು, ಅತ್ತೆ ಹೇಳಿದ ದಾರಿಯಲ್ಲೇ ಹೋಗಿತ್ತು.

"ಹಾಗಾದ್ರೆ ಅಮ್ಮಂಗೆ ಮೇಲಿನ ಮನೆ ಸಮಾಚಾರವೆಲ್ಲ ಗೊತ್ತು ಅನ್ನಿ!" ಎಂದರು ಪ್ಲಂಬರ್.

ಅತ್ತೆಗೆ ಗೆದ್ದ ಹುರುಪು. "ಗೊತ್ತಿಲ್ದೆ ಏನು? ಮೊಮ್ಮಗಳು ಹಲ್ಲುಜ್ಜೋವಾಗ ನಲ್ಲಿ ನಿಲ್ಲಿಸಲ್ಲ. ಇವನಂತೂ ಕಾಲು ತೊಳೆಯೋಕೆ ಕೆರೆ ನೀರೆಲ್ಲ ಖಾಲಿ ಮಾಡ್ತಾನೆ. ಇವಳು ಆ ವರ್ಷ..." ಎಂದವರು ಥಟ್ಟನೆ ಮಾತು ನಿಲ್ಲಿಸಿದರು. "ಆ ಟೈಲ್ಸ್ ಚೂರು ಎತ್ತಿಡಿ, ಯಾರ ಕಾಲಿಗಾದ್ರೂ ಚುಚ್ಚತ್ತೆ" ಎಂದು ಬೇರೆಯದಕ್ಕೆ ಹೋದರು.

ಉಳಿದವರಿಗೆ ಏನೂ ಅನ್ನಿಸಲಿಲ್ಲ.

ಆ ವರ್ಷ ಎಂದರೆ ಯಾವುದೆಂದು ನನಗೆ ಗೊತ್ತು. ಮಗಳು ಹುಟ್ಟುವುದಕ್ಕೆ ಮೊದಲು ನನ್ನ ಹೊಟ್ಟೆಯಲ್ಲಿ ಒಂದು ಮಗು ನಿಂತು, ಉಳಿಯಲಿಲ್ಲ. ಎಲ್ಲರ ಮುಂದೆ ಗಟ್ಟಿಗಿತ್ತಿಯ ಹಾಗೆ ಓಡಾಡಿಕೊಂಡಿದ್ದೆ. ಮಧ್ಯಾಹ್ನ ಗಂಡ ಕೆಲಸದಲ್ಲಿದ್ದಾಗ ಬಚ್ಚಲಿಗೆ ಹೋಗಿ, ಸದ್ದು ಹೊರಗೆ ಕೇಳದಿರಲೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿ, ನೆಲದ ಮೇಲೆ ಕುಳಿತು ಅಳುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ ಎಂದೇ ನಂಬಿದ್ದೆ; ಆ ನೀರು ಅತ್ತೆಯ ಗೋಡೆಯೊಳಗೇ ಇಳಿಯುತ್ತದೆಂದು ಯೋಚಿಸಿರಲಿಲ್ಲ. ಹಾಗೆ ಅಳುವಾಗಲೆಲ್ಲ ಅತ್ತೆ ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟುತ್ತಿದ್ದರು. "ಸೂಜಿಗೆ ದಾರ ಹೋಗ್ತಿಲ್ಲ ಕಣೇ, ಸ್ವಲ್ಪ ಪೋಣಿಸ್ಕೊಡು." ನಾನು ಮುಖ ತೊಳೆದು, ಒಳಗೊಳಗೇ ಸಿಡುಕುತ್ತಾ ಪೋಣಿಸಿಕೊಡುತ್ತಿದ್ದೆ. ಅವರು ಕೂಡಲೇ ಹೋಗುತ್ತಿರಲಿಲ್ಲ. ಟೀ ಇಡು ಎನ್ನುವರು, ಯಾರದೋ ಬೂಟಿನ ಕಥೆ ಹೇಳುವರು, ನಾನು ನಕ್ಕ ಮೇಲೆಯೇ ಇಳಿದು ಹೋಗುವರು. ಕಿಟಕಿಯಾಚೆ ಹೋಗುವ ಪ್ಯಾಂಟಿನಲ್ಲಿ ಒಂದು ಎಳೆ ಬಿಟ್ಟಿದ್ದರೂ ಕಾಣುವ ಕಣ್ಣಿಗೆ ಸೂಜಿಯ ಕಣ್ಣು ಕಾಣಲಿಲ್ಲವೇ ಎಂದು ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ.

ಕೆಲಸ ಮುಂದುವರಿಯಿತು. ಸಿಂಹಾಸನವನ್ನು ಒಡೆದು ಹಾಕಿದರು, ಬೀರು ಇದ್ದ ಜಾಗದಲ್ಲಿ ನೆಲದ ಮಟ್ಟಕ್ಕೆ ಹೊಸ ಟಾಯ್ಲೆಟ್ ಎದ್ದಿತು. ಮಂಚದಿಂದ ಕೈಚಾಚುವಷ್ಟು ಹತ್ತಿರ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ವಾಕರ್ ನುಗ್ಗುವಷ್ಟು ಅಗಲದ ಬಾಗಿಲು. ಬಾಗಿಲಿಗೆ ಚಿಲಕ ಬೇಡ ಎಂದು ನನ್ನ ಗಂಡ, ಬೇಕೇ ಬೇಕು ಎಂದು ಅತ್ತೆ. ಕೊನೆಗೆ ಪ್ಲಂಬರ್, ಅಪಾಯವಾದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕವೊಂದನ್ನು ಹುಡುಕಿ ತಂದು ಜೋಡಿಸಿದರು. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಅತ್ತೆಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಕೆಳಗೆ ಕರೆತಂದ ದಿನ ಉಳಿದವರೆಲ್ಲ ಹೋದ ಮೇಲೆ ನಾನೊಬ್ಬಳೇ ಅವರ ಜೊತೆ ಉಳಿದೆ. ಅವರು ಮಂಚದ ಮೇಲೆ ಕುಳಿತು ಒಂದು ಚೊಂಬು ನೀರನ್ನು ಗಟಗಟ ಕುಡಿದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆಗ ಸೂಜಿಗೆ ದಾರ ನೀವೇ ಪೋಣಿಸ್ಬಹುದಿತ್ತು, ಅಲ್ವಾ?"

ಅವರು ಚೊಂಬು ಕೆಳಗಿಟ್ಟರು. "ಪೋಣಿಸ್ಬಹುದಿತ್ತು. ನಿನ್ನ ಬಾಗಿಲು ತೆಗೆಸೋಕೆ ಬೇರೇನು ಹೇಳ್ಲಿ?"

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. "ನೀವು ಬರದೇ ಇದ್ದಿದ್ರೆ ನಾನು ಏನಾಗ್ತಿದ್ನೋ ನನಗೇ ಗೊತ್ತಿಲ್ಲ ಅತ್ತೆ" ಎಂದೆ. ಅಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅವರು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಅಳು ನಿಲ್ಲುವವರೆಗೆ ಹಾಗೇ ಕುಳಿತಿದ್ದರು.

ಆಮೇಲೆ, "ಸರಿ, ಈಗ ಕೈ ಬಿಡು ತಾಯಿ" ಎಂದರು. "ನಾನು ಬಾಗಿಲು ಹಾಕ್ಕೋಬೇಕು."

ವಾಕರ್ ಹಿಡಿದು ತಾವೇ ಎದ್ದರು, ತಾವೇ ಒಳಗೆ ಹೋದರು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ನಾನು ಅಲ್ಲಿ ನಿಲ್ಲದೆ ಮೆಟ್ಟಿಲು ಹತ್ತಿದೆ.