ಗಿರಾಕಿ ಕುರ್ಚಿಯ ಬೇಡಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜಿನ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಹೊತ್ತಲೋ ಬೇಡವೋ ಎಂದು ಮಿಣುಕಿ ಮಿಣುಕಿ ಕೊನೆಗೂ ಹೊತ್ತಿಕೊಳ್ಳುತ್ತದೆ. ಹಸಿರು ಸ್ವೆಟರಿನ ಹೆಂಗಸೊಬ್ಬರು ಬೆಂಚುಗಳ ಕೆಳಗೆ ಬಗ್ಗಿ ಗುಡಿಸುತ್ತಿದ್ದಾರೆ. ಗುಡಿಸಿದ್ದಾಯಿತು, ಬೋರ್ಡು ಒರೆಸಿದ್ದಾಯಿತು. ಬೀರುವಿನಿಂದ ಇಸ್ತ್ರಿ ಪೆಟ್ಟಿಗೆ, ಕೊಡೆ, ಗೋಡೆ ಗಡಿಯಾರ, ಫ್ಲಾಸ್ಕು, ಜೋಡಿ ಕಳೆದುಕೊಂಡ ಒಂದು ಬೂಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಆಮೇಲೆ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಕೈ ತೊಳೆದು ಬಂದು, ಸ್ವೆಟರ್ ಬಿಚ್ಚಿ ಮಡಚಿಟ್ಟು, ಹೆಗಲಿಗೊಂದು ಕೈಚೀಲ ಏರಿಸಿಕೊಂಡು ಬೋರ್ಡಿನ ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ.

ಕೂತದ್ದೇ ತಡ, ಮುಖವೇ ಬೇರೆಯಾಗುತ್ತದೆ. ಹುಬ್ಬು ಗಂಟಿಕ್ಕುತ್ತದೆ, ತುಟಿ ಬಿಗಿಯುತ್ತದೆ. "ಹೂಂ, ಯಾರ್ರೀ ಮೊದಲು? ಬೇಗ ಬನ್ನಿ, ನನಗೆ ಬೇರೆ ಕೆಲಸ ಇದೆ" ಎನ್ನುತ್ತಾರೆ. ಮೊದಲ ಬೆಂಚಿನ ಹುಡುಗಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, ನಿನ್ನೆಯಿಡೀ ಬಾಯಿಪಾಠ ಮಾಡಿದ ನಗು ನಗುತ್ತಾ ಮುಂದೆ ಬರುತ್ತಾಳೆ. "ನಮಸ್ಕಾರ ಮೇಡಂ, ಇವತ್ತು ನಿಮಗಾಗಿ..." ಎನ್ನುವಷ್ಟರಲ್ಲಿ ಉತ್ತರ ಸಿದ್ಧ.

"ಬೇಡಮ್ಮ."

ಹುಡುಗರಿಗಾದರೆ "ಬೇಡಪ್ಪ". ಆದರೆ ಇಡೀ ಕಾಲೇಜು ಈಕೆಯನ್ನು ಕರೆಯುವುದು ಬೇಡಮ್ಮ ಎಂದೇ. ಮಾರ್ಕೆಟಿಂಗ್ ಮತ್ತು ಸೇಲ್ಸ್ ಓದುವ ಈ ವಿಭಾಗದಲ್ಲಿ ಬೇಡಮ್ಮನಿಗೆ ಎರಡು ಕೆಲಸ. ತರಗತಿಗೆ ಮುಂಚೆ ಕೋಣೆ ಗುಡಿಸುವುದು, ತರಗತಿ ಶುರುವಾದ ಮೇಲೆ ಗಿರಾಕಿಯಾಗಿ ಕೂರುವುದು. ವಿದ್ಯಾರ್ಥಿಗಳು ಹಗಲೆಲ್ಲ ಅಂಗಡಿ, ಗೋದಾಮು, ಕಾಲ್‌ಸೆಂಟರುಗಳಲ್ಲಿ ದುಡಿಯುವವರು. ಹಾಗಾಗಿ ಪಾಠ ನಡೆಯುವುದು ನಸುಕಿನಲ್ಲಿ. ಪುಸ್ತಕದಲ್ಲಿ ಓದಿದ್ದನ್ನು ಅವರು ಮೊದಲು ಪ್ರಯೋಗ ಮಾಡುವುದು ಬೇಡಮ್ಮನ ಮೇಲೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಬರೆಯುವುದು ನಮ್ಮ ಪತ್ರಿಕೆಯ ಪುರವಣಿಯ ರೂಢಿ. ಹಾಗೆಂದು ಹೇಳಿದ್ದಕ್ಕೆ ಬೇಡಮ್ಮ ಮೂಗು ಮುರಿದರು. "ಎಲ್ಲಿ ಮರೆ ಸಾರ್? ಎಲ್ಲರ ಎದುರಿಗೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಯಾರೂ ನೋಡಲ್ಲ ಅಷ್ಟೇ. ಅವರ ಕಣ್ಣೆಲ್ಲ ನನ್ನ ಕೈ ಮೇಲೆ."

ಆ ಕೈಯ ಕತೆ ಹೇಳಬೇಕು. ಒಂದು ಬೆಳಿಗ್ಗೆ ಗಿರಾಕಿ ಪಾತ್ರ ಮಾಡಬೇಕಿದ್ದ ಗುಮಾಸ್ತರು ಕೈಕೊಟ್ಟರು. ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, ಸುತ್ತ ನೋಡಿ ಗುಡಿಸುತ್ತಿದ್ದ ಈಕೆಯನ್ನೇ ಕೂರಿಸಿದರು. ವಿದ್ಯಾರ್ಥಿಯೊಬ್ಬ ನೀರಿನ ಬಾಟಲಿಯನ್ನು ಎಷ್ಟು ಚೆನ್ನಾಗಿ ಬಣ್ಣಿಸಿದನೆಂದರೆ ಬೇಡಮ್ಮ ಅದನ್ನು ತೆಗೆದುಕೊಂಡು ಸೀದಾ ಮನೆಗೇ ಹೋದರು. ಮರುದಿನ ಕಾಲೇಜಿನವರು ಬೀರುವನ್ನೆಲ್ಲ ಜಾಲಾಡುತ್ತಿರುವಾಗ ಅದೇ ಬಾಟಲಿಗೆ ನೀರು ತುಂಬಿ ಹೆಗಲಿಗೆ ನೇತುಹಾಕಿಕೊಂಡು ಬಂದರು! "ಕೊಟ್ಟ ಅಂದ್ಕೊಂಡೆ ಸಾರ್. ಅಷ್ಟು ಪ್ರೀತಿಯಿಂದ ಹೇಳಿದ್ನಲ್ಲ" ಎಂದು ಈಗಲೂ ನಾಚುತ್ತಾರೆ. ಅಂದಿನಿಂದ ಬಾಗಿಲ ಬಳಿ ಒಂದು ಬುಟ್ಟಿ ಬಂತು. ಬೇಡಮ್ಮ ಕೊಂಡದ್ದೇನಿದ್ದರೂ ಹೊರಗೆ ಹೋಗುವಾಗ ಆ ಬುಟ್ಟಿಗೆ ಹಾಕಬೇಕು.

ಕೊಳ್ಳುವುದಕ್ಕೆ ಈಕೆಯ ನಿಯಮ ಒಂದೇ. "ತಲೆ ಕೇಳಲ್ಲ, ಮನಸ್ಸೂ ಕೇಳಲ್ಲ. ಕೈ ತಾನಾಗೇ ಮುಂದೆ ಹೋಗ್ಬೇಕು. ಹೋಯ್ತು ಅಂದ್ರೆ ಚೀಲಕ್ಕೆ ಹಾಕ್ಕೋತೀನಿ. ಹೋಗ್ಲಿಲ್ಲ ಅಂದ್ರೆ ಜಪ್ಪಯ್ಯ ಅಂದ್ರೂ ಇಲ್ಲ." ವಾರವಿಡೀ ಕೂತರೂ ಕೈ ಮುಂದೆ ಹೋಗುವುದು ಒಂದೋ ಎರಡೋ ಸಲ. ಹಾಗೆ ಮಾರಿ ಗೆದ್ದವರು ಕ್ಯಾಂಟೀನಿನಲ್ಲಿ ಎದೆಯುಬ್ಬಿಸಿ ಓಡಾಡುತ್ತಾರೆ. ಉಳಿದವರು ಹಲ್ಲು ಕಡಿಯುತ್ತಾರೆ. ಕೊಡೆ ಮಾರಲು ಹೋಗಿ ಮೂರು ಸಲ ಸೋತ ಹುಡುಗನೊಬ್ಬ ನನ್ನ ಹತ್ತಿರ ಬಂದು, "ಪಕ್ಕದವನ ಹತ್ರ ಅದೇ ಕೊಡೆ ಕೊಂಡ್ರು ಸಾರ್, ಅದೇ ಕೊಡೆ!" ಎಂದು ಅಳುವ ಹಾಗೆ ಹೇಳಿದ. ಪಕ್ಕದವನ ಮಾತು ಬರುತ್ತಲೇ ಅವನ ಕಿವಿ ಕೆಂಪಾಯಿತು.

ನಿಜ ಹೇಳಿಬಿಡುತ್ತೇನೆ, ಹೊಟ್ಟೆ ಉರಿದದ್ದು ಅವನಿಗೊಬ್ಬನಿಗೇ ಅಲ್ಲ. ನಾನು ಇಷ್ಟು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಬರಹ ಬರುವುದು ಒಳಪುಟದಲ್ಲಿ, ಹಾಸಿಗೆ ಜಾಹೀರಾತಿನ ಪಕ್ಕ. ಮುಖಪುಟವೆಲ್ಲ ನನ್ನ ಎದುರಿನ ಮೇಜಿನವನಿಗೆ. ಓದುಗರು ನನಗೆ "ಬೇಡ" ಎಂದೂ ಹೇಳುವುದಿಲ್ಲ, ಸುಮ್ಮನೆ ಪುಟ ತಿರುವುತ್ತಾರೆ. ಇಲ್ಲಿ ನೋಡಿದರೆ, ಒಂದು ಹೆಂಗಸಿನ ಕೈಬೆರಳು ಅಲ್ಲಾಡಲಿ ಎಂದು ಒಂದು ಕೋಣೆ ತುಂಬ ಜನ ಉಸಿರು ಹಿಡಿದು ಕಾಯುತ್ತಾರೆ.

ಇದನ್ನು ಹೇಳಿದಾಗ ಬೇಡಮ್ಮ ನಗಲಿಲ್ಲ. "ನಿಮ್ಮದೇನು ಮಹಾ ಹೊಟ್ಟೆಕಿಚ್ಚು ಸಾರ್, ನಮ್ಮನೆಗೆ ಬನ್ನಿ ತೋರಿಸ್ತೀನಿ" ಎಂದರು.

ಹೋದೆ. ಮೂರು ಕೋಣೆಯ ಮನೆ. ಅತ್ತೆ, ಗಂಡ, ಮೈದುನ, ಮೈದುನನ ಹೆಂಡತಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಮೈದುನ ಬಣ್ಣ ಬಳಿಯುವವನು. ಅಡುಗೆಮನೆಯಲ್ಲಿ ಒಂದು ಒಲೆ, ಒಂದು ಮೇಜು, ಒಂದು ಕಿಟಕಿ. ಆ ಮೇಜಿನ ಮೇಲೆ ಅರ್ಧ ಜಾಗ ಪುಸ್ತಕಗಳಿಗೆ. ಗಿರಾಕಿಯ ವರ್ತನೆ, ಬ್ರ್ಯಾಂಡು, ಬೆಲೆ ನಿಗದಿ, ಹೀಗೆ ದಪ್ಪ ದಪ್ಪ ಪುಸ್ತಕಗಳು. ಅವು ಬೇಡಮ್ಮನವಲ್ಲ, ಓರಗಿತ್ತಿಯವು.

ಕಾಲೇಜು ತನ್ನ ಕೆಲಸಗಾರರ ಮನೆಗೆ ಒಂದು ಉಚಿತ ಸೀಟು ಕೊಡುತ್ತದೆ. ಆ ಮನೆಯಲ್ಲಿ ಒಬ್ಬರು ಓದಿ ಪಾಸಾದ ಮೇಲಷ್ಟೇ ಇನ್ನೊಬ್ಬರಿಗೆ. ಆ ಸೀಟು ಬಂದದ್ದು ಬೇಡಮ್ಮನ ಹೆಸರಿಗೆ. ಹನ್ನೆರಡನೇ ತರಗತಿ ಪಾಸಾದ ಆಕೆ ತಾನೇ ಸೇರಬೇಕೆಂದು ಹೊಸ ಚಪ್ಪಲಿ ಕೂಡ ತಂದಿಟ್ಟಿದ್ದರಂತೆ. ಊಟದ ಹೊತ್ತಿಗೆ ಅತ್ತೆ ತೀರ್ಪು ಕೊಟ್ಟರು. "ನಿನಗೆ ಹೇಗೂ ಕೆಲಸ ಇದೆಯಲ್ಲಮ್ಮ. ಅವಳು ಚಿಕ್ಕವಳು, ಅವಳು ಓದ್ಲಿ." ಗಂಡ ತಟ್ಟೆ ನೋಡುತ್ತಾ ಕೂತರು. ಮೈದುನ ಕೆಮ್ಮಿದ. ಓರಗಿತ್ತಿ ಮಾತ್ರ ತಡೆಯಲಾರದೆ ನಕ್ಕಳು.

"ಆ ನಗು ಇದೆಯಲ್ಲ ಸಾರ್, ಅದು ಇನ್ನೂ ಇಲ್ಲಿ ಕೂತಿದೆ" ಎಂದು ಬೇಡಮ್ಮ ಎದೆ ಮುಟ್ಟಿ ತೋರಿಸುತ್ತಾರೆ. "ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಎದ್ದು ನಾನೇ ಚಹಾ ಮಾಡಿ ಅವಳ ಪುಸ್ತಕದ ಪಕ್ಕ ಇಡ್ಬೇಕು. ಆಮೇಲೆ ಹೋಗಿ ಅವಳು ಕೂರೋ ಬೆಂಚಿನ ಕೆಳಗೆ ಗುಡಿಸ್ಬೇಕು. ಆ ಬೆಂಚಿನ ಕೆಳಗೆ ಕಸ ಜಾಸ್ತಿ ಇರುತ್ತೆ ಅನ್ಸುತ್ತೆ ನನಗೆ." ಆಮೇಲೆ ತಾವೇ, "ಇಲ್ಲ, ಎಲ್ಲ ಬೆಂಚಿನ ಕೆಳಗೂ ಅಷ್ಟೇ ಇರುತ್ತೆ" ಎಂದು ಸೇರಿಸಿದರು.

ವರ್ಷವಿಡೀ ಓರಗಿತ್ತಿ ಗಿರಾಕಿ ಕುರ್ಚಿಯ ಮುಂದೆ ಬಂದಾಗಲೆಲ್ಲ ಬರಿಗೈಯಲ್ಲಿ ಹಿಂತಿರುಗಿದ್ದಾಳೆ. ಈಗ ಕೊನೆಯ ಪ್ರಾಯೋಗಿಕ ಪರೀಕ್ಷೆ. ವರ್ಷದಲ್ಲಿ ಒಮ್ಮೆಯೂ ಮಾರದವರು ಇಲ್ಲಿ ಗಿರಾಕಿ ಕೊಂಡರಷ್ಟೇ ಪಾಸು. ದೊಡ್ಡ ಮೇಡಂಗೆ ಇವರ ಸಂಬಂಧ ಗೊತ್ತು. ಅವಳ ಸರದಿಗೆ ಬೇರೆಯವರನ್ನು ಕೂರಿಸೋಣವೇ ಎಂದು ಕೇಳಿದರು. ಬೇಡಮ್ಮ ಕೆರಳಿಬಿಟ್ಟರು. "ನನ್ನ ಕುರ್ಚಿ ಅದು. ಎಲ್ಲರಿಗೂ ಕೂತೋಳು ಅವಳಿಗೆ ಮಾತ್ರ ಯಾಕೆ ಏಳ್ಲಿ?" ಎಂದು ಬಾಯಿ ಮುಚ್ಚಿಸಿದರು. ನನ್ನ ಹತ್ತಿರ ಮಾತ್ರ ಒಳಗುಟ್ಟು ಬಿಚ್ಚಿದರು. "ಅವಳ ಹತ್ರ ಒಂದು ಗುಂಡುಪಿನ್ನೂ ಕೊಳ್ಳಲ್ಲ ಸಾರ್. ಅವಳು ಫೇಲಾದ್ರೆ ಸೀಟು ಇನ್ನೊಂದು ವರ್ಷ ಅವಳ ಹತ್ರಾನೇ ಇರುತ್ತೆ, ನನಗೆ ಸಿಗಲ್ಲ. ಗೊತ್ತು. ಆದ್ರೂ ಕೊಳ್ಳಲ್ಲ."

ತನ್ನ ಕಾಲಿಗೇ ಪೆಟ್ಟಾಗುತ್ತದೆ ಎಂದು ತಿಳಿದೂ ಬಿಡದ ಹೊಟ್ಟೆಕಿಚ್ಚು ಎಂಥದ್ದೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಪರೀಕ್ಷೆಯ ಬೆಳಿಗ್ಗೆ ನಾನು ಕೊನೆಯ ಬೆಂಚಿನಲ್ಲಿ. ಮುಂದೆ ದೊಡ್ಡ ಮೇಡಂ, ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು. ಓರಗಿತ್ತಿ ಚೀಟಿ ಎತ್ತಿದಳು, ಫ್ಲಾಸ್ಕು ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಮುಂದೆ ನಿಂತಳು.

"ನಮಸ್ಕಾರ ಮೇಡಂ." ಮನೆಯಲ್ಲಿ ಅಕ್ಕ ಎನ್ನುವವಳು ಇಲ್ಲಿ ಮೇಡಂ ಅನ್ನಬೇಕು.

"ಏನ್ರೀ? ಬೇಗ ಹೇಳಿ ನೀವು." ಮನೆಯಲ್ಲಿ ನೀನು ಎನ್ನುವವರು ಇಲ್ಲಿ ನೀವು ಅನ್ನಬೇಕು. ಆ 'ನೀವು' ಪದವನ್ನು ಬೇಡಮ್ಮ ಒತ್ತಿ ಹೇಳಿದ್ದು ಕೊನೆಯ ಬೆಂಚಿಗೂ ಕೇಳಿಸಿತು.

"ನಿಮ್ಮನೇಲಿ ಬೆಳಿಗ್ಗೆ ಮೊದಲು ಏಳೋರು ಯಾರು ಮೇಡಂ?"

"ಯಾರೂ ಇಲ್ಲ. ನಮ್ಮನೇಲಿ ಎಲ್ಲ ಮಧ್ಯಾಹ್ನದವರೆಗೂ ಬಿದ್ಕೊಂಡಿರ್ತೀವಿ."

ಬೆಂಚುಗಳಲ್ಲಿ ಕಿಸಕ್ಕೆಂದು ನಗು. ಓರಗಿತ್ತಿಯೂ ನಕ್ಕಳು. "ಹಾಗಾದ್ರೆ ಅದೃಷ್ಟವಂತರು ನೀವು. ನಾನೊಂದು ಮನೆ ನೋಡಿದೀನಿ ಮೇಡಂ. ಅಲ್ಲಿ ಒಬ್ಬರು ಎಲ್ಲರಿಗಿಂತ ಮುಂಚೆ ಎದ್ದು ಚಹಾ ಮಾಡ್ತಾರೆ. ಅತ್ತೆಗೆ, ಗಂಡನಿಗೆ, ಮೈದುನನಿಗೆ. ಮೈದುನನ ಹೆಂಡತಿ ಓದ್ತಾ ಕೂತಿರ್ತಾಳೆ, ಅವಳ ಲೋಟ ಪುಸ್ತಕದ ಪಕ್ಕಕ್ಕೇ ಬರುತ್ತೆ."

"ಬೇಡಮ್ಮ."

"ಚಹಾ ಮಾಡಿದೋರ ಲೋಟ ಮಾತ್ರ ಕಿಟಕಿ ಹತ್ರ ಆರ್ತಾ ಇರುತ್ತೆ. ಹೊರಡೋವಾಗ ನಿಂತ್ಕೊಂಡೇ ಒಂದೇ ಗುಟುಕಿಗೆ ಕುಡಿದು, ಮುಖ ಕಿವುಚ್ಕೊಂಡು ಓಡ್ತಾರೆ."

"ಬೇಡ ಅಂದ್ನಲ್ಲ! ಕಿವಿ ಕೇಳಲ್ವಾ ನಿಮಗೆ?"

"ವರ್ಷದಿಂದ ನೋಡ್ತಿದೀನಿ ಮೇಡಂ. ಎದ್ದು ಒಂದು ಸಲ ಬಿಸಿ ಮಾಡಿ ಕೊಡಬಹುದಿತ್ತು ನಾನು. ಕೊಡ್ಲಿಲ್ಲ. ಓದೋ ನೆಪ." ಓರಗಿತ್ತಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ಇದರ ಮುಚ್ಚಳಾನೇ ಲೋಟ. ಎಲ್ಲರಿಗಿಂತ ಮೊದಲ ಚಹಾ ಇದಕ್ಕೆ ಹಾಕಿ ಮುಚ್ಚಿಟ್ರೆ, ಕೆಲಸಕ್ಕೆ ಹೋದ್ಮೇಲೆ ಮೆಟ್ಟಿಲ ಮೇಲೆ ಕೂತು ನಿಧಾನಕ್ಕೆ ಕುಡೀಬಹುದು. ಆಗ್ಲೂ ಬಿಸಿ ಇರುತ್ತೆ."

ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ಸುಮ್ಮನಾದಳು. ಹೇಳುವುದು ಮುಗಿದ ಮೇಲೆ ಬಾಯಿಗೆ ಬೀಗ ಹಾಕಿ ಎನ್ನುವುದು ಇಲ್ಲಿ ಕಲಿಸುವ ಪಾಠವೇ. ಆದರೆ ಆಕೆ ಪಾಠ ನೆನಪಾಗಿ ಸುಮ್ಮನಾದಂತೆ ನನಗೆ ಕಾಣಲಿಲ್ಲ.

ಬೇಡಮ್ಮ ಗೋಡೆ ನೋಡಿದರು, ಪರೀಕ್ಷಕರನ್ನು ನೋಡಿದರು. ತುಟಿ ಮತ್ತಷ್ಟು ಬಿಗಿಯಿತು. ಆಗ ಮಡಿಲಲ್ಲಿದ್ದ ಬಲಗೈ ಎದ್ದಿತು. ಮೇಜಿನವರೆಗೂ ಹೋಯಿತು. ಬೇಡಮ್ಮ ಆ ಕೈಯನ್ನು ಯಾರದ್ದೋ ಎನ್ನುವ ಹಾಗೆ ದುರುಗುಟ್ಟಿ ನೋಡುತ್ತಿದ್ದರು. ಫ್ಲಾಸ್ಕು ಚೀಲದೊಳಗೆ ಹೋಯಿತು. ಅವರು ಎದ್ದು, ಯಾರನ್ನೂ ನೋಡದೆ ಬಾಗಿಲು ದಾಟಿ, ಬುಟ್ಟಿಯ ಪಕ್ಕದಿಂದಲೇ ನಡೆದು ಹೊರಟುಹೋದರು. ಬುಟ್ಟಿ ಖಾಲಿಯಾಗಿಯೇ ಉಳಿಯಿತು. ಉಳಿದ ವಿದ್ಯಾರ್ಥಿಗಳಿಗೆ ಗಿರಾಕಿಯಾಗಿ ಪಾಪ ಆ ಗುಮಾಸ್ತರೇ ಕೂರಬೇಕಾಯಿತು.

ಪರೀಕ್ಷಕರು ಗೊಣಗಿದರು. "ಮನೆ ವಿಷಯ ತಂದು ಮಾರೋದು ಸರೀನಾ?" ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಗಿರಾಕಿನ ಮೊದಲು ತಿಳ್ಕೊಳ್ಳಿ ಅಂತ ವರ್ಷವೆಲ್ಲ ಬಾಯಿ ಬಡ್ಕೊಂಡಿದ್ದು ನಾನೇ. ಈಗ ತಿಳ್ಕೊಂಡಳು ಅಂತ ಫೇಲ್ ಮಾಡ್ಲಾ?" ಎಂದರು. ಓರಗಿತ್ತಿ ಪಾಸು. ಆಕೆ ಹೊರಗೆ ಬಂದು ಗೋಡೆಗೆ ಒರಗಿ ಅತ್ತದ್ದನ್ನು ನೋಡಿದೆ.

ಮರುದಿನ ನಸುಕಿನಲ್ಲಿ ಮತ್ತೆ ಹೋದಾಗ ಬೇಡಮ್ಮ ಹಸಿರು ಸ್ವೆಟರಿನಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಫ್ಲಾಸ್ಕು, ಕೈಯಲ್ಲಿ ಅದರ ಮುಚ್ಚಳ, ಮುಚ್ಚಳದಿಂದ ಹಬೆ. ನನ್ನನ್ನು ಕಂಡು ಮುಖ ಸಿಂಡರಿಸಿದರು.

"ಹಾಳಾದ್ದು ಕೈ ಸಾರ್. ನಾನು ಬೇಡ ಅಂತಾನೇ ಇದ್ದೆ, ಅದು ಹೋಗ್ಬಿಡ್ತು. ಈಗ ತೊಳೆದು ಬೀರುಗೆ ಇಡ್ತೀನಿ."

"ಬಿಸಿ ಇದೆಯಾ?"

"ಇದೆ. ಅದಕ್ಕೇ ಸಿಟ್ಟು." ಇನ್ನೊಂದು ಗುಟುಕು ಕುಡಿದರು. "ಇವತ್ತು ಚಹಾ ಅವಳೇ ಮಾಡಿ ತುಂಬಿಸಿ ಕೊಟ್ಟಳು. ಸಕ್ಕರೆ ಜಾಸ್ತಿ. ಒಂದು ಚಹಾ ಮಾಡೋಕೆ ಬರಲ್ಲ, ಇವಳು ಸೇಲ್ಸು ಪಾಸಂತೆ!"

ಹೊಟ್ಟೆಕಿಚ್ಚು ಆರಿತೇ ಎಂದು ಕೇಳುತ್ತೇನೆ. "ಎಲ್ಲಿಂದ ಆರುತ್ತೆ? ಅಷ್ಟು ಚೆನ್ನಾಗಿ ಮಾರಿದ್ಲಲ್ಲ, ಇನ್ನೂ ಜಾಸ್ತಿ ಆಗಿದೆ. ನಾನು ಯಾವತ್ತು ಹಾಗೆ ನಿಂತ್ಕೊಂಡು ಮಾತಾಡೋದು?" ಎಂದು ಮುಚ್ಚಳದ ತಳಕ್ಕಿಳಿದ ಚಹಾವನ್ನೂ ಬಿಡದೆ ಕುಡಿದು, ಸೆರಗಿನಿಂದ ಒರೆಸಿ, ಫ್ಲಾಸ್ಕಿಗೆ ಬಿಗಿಯಾಗಿ ತಿರುಗಿಸಿದರು. ಪೊರಕೆ ಹಿಡಿದು ಎದ್ದರು. ಸೀಟು ಈಗ ಖಾಲಿಯಾಗಿದೆ. ಅದು ತನಗೇ ಬೇಕೆಂದು ದೊಡ್ಡ ಮೇಡಂ ಹತ್ತಿರ ನಿನ್ನೆಯೇ ಹೇಳಿಟ್ಟಿದ್ದಾರಂತೆ, ಅತ್ತೆಯನ್ನು ಕೇಳದೆ.

"ನೀವು ಬೆಂಚಿಗೆ ಹೋದ್ರೆ ಗಿರಾಕಿ ಕುರ್ಚಿಗೆ ಯಾರು?"

"ಅವಳೇ ಬರ್ಲಿ" ಎನ್ನುತ್ತಾ ಬೇಡಮ್ಮ ಮೆಟ್ಟಿಲು ಹತ್ತುತ್ತಾರೆ. "ಎಷ್ಟು ಸಲ ಬೇಡ ಅಂತಾಳೋ ಅನ್ಲಿ. ಆ ಮನೇಲಿ ನಾನೂ ಕಣ್ಣು ಮುಚ್ಕೊಂಡು ಇರ್ಲಿಲ್ಲ ಸಾರ್, ಅವಳದ್ದೆಲ್ಲ ನನಗೂ ಗೊತ್ತು. ಅವಳ ಕೈ ಹೇಗೆ ಮುಂದೆ ಬರಲ್ಲ, ನಾನೂ ನೋಡ್ತೀನಿ."