ಮೆತ್ತಗಾದ ಮಂಡಕ್ಕಿ

ಮೊನ್ನೆ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹಣೆಯಿಂದ ಚಿಟಿಕೆ ವಿಭೂತಿ ಉದುರಿ, ಬಿಸಿಯಾಗಿ ಗುಂಯ್‌ಗುಡುತ್ತಿದ್ದ ಅದರ ಕೀಲಿಗಳ ಸಂದಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು ನೋಡಿ! ಕಾದ ಧೂಳು, ಕಾದ ಬೂದಿ, ಕಾದ ಪ್ಲಾಸ್ಟಿಕ್ಕು ಎಲ್ಲ ಕೂಡಿದ ವಾಸನೆ. ಬೇರೆ ಯಾರೇ ಆಗಿದ್ದರೂ ಗಾಬರಿಬಿದ್ದು ಸ್ವಿಚ್ ಆರಿಸುತ್ತಿದ್ದರು. ನಾನು ಮೂಗನ್ನು ಇನ್ನಷ್ಟು ಹತ್ತಿರ ತಂದೆ. ನನ್ನ ಪಾಲಿಗೆ ಅದು ದಾವಣಗೆರೆಯ ಹಳೇಪೇಟೆಯಲ್ಲಿದ್ದ ದೊಡ್ಡಪ್ಪನ ಮನೆಯ ಪಡಸಾಲೆ, ಸಂಜೆಯ ಹೊತ್ತು, ಟಿವಿ ಹಚ್ಚಿ ಆಗಲೇ ತುಸು ಹೊತ್ತಾಗಿದೆ.

ಅಪ್ಪ ಅಮ್ಮ ನಂದಿಗುಡಿಯಲ್ಲಿ ಗದ್ದೆ ನೋಡಿಕೊಂಡಿದ್ದರು. ಶಾಲೆಗೆಂದು ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಆ ಮನೆಯಲ್ಲಿ ಅಜ್ಜಿ ಸೋಮವಾರ ಪೂಜೆ ಮಾಡಿದರೆ ಲಿಂಗಕ್ಕೆ, ಹೊಸ್ತಿಲಿಗೆ, ಹೊಲಿಗೆ ಮಿಷನ್ನಿಗೆ, ಕೊನೆಗೆ ಟಿವಿಯ ನೆತ್ತಿಗೂ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದಳು. ಅದು ಒಣಗಿ ಟಿವಿಯ ಬೆನ್ನಿನ ತೂತುಗಳಿಂದ ಒಳಗಿಳಿಯುತ್ತಿತ್ತು. ಒಂದು ಸಲ ಟಿವಿ ಕೆಟ್ಟು, ರಿಪೇರಿಯವನು ಬಂದು ಹಿಂದಿನ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಬೂದಿ. "ಏನ್ ಅಜ್ಜಿ, ಟಿವಿಗೂ ದೀಕ್ಷೆ ಕೊಡಿಸೀರೇನು?" ಎಂದ. ಅಜ್ಜಿ ಜಗ್ಗಲಿಲ್ಲ. "ಅದಕ್ಕೇ ಕಣಪ್ಪಾ ಇಷ್ಟು ದಿನ ಬಾಳಿಕೆ ಬಂದೈತೆ. ಬರೀ ಕಂಪನಿಯೋರನ್ನ ನಂಬಿದ್ರೆ ಯಾವತ್ತೋ ಹೋಗ್ತಿತ್ತು" ಎಂದಳು. ಅವನು ಬ್ರಷ್ಷಿನಿಂದ ಗುಡಿಸಿ ಹೋದ. ಮುಂದಿನ ಸೋಮವಾರ ಮತ್ತೆ ಮೂರು ಗೆರೆ.

ದೊಡ್ಡಪ್ಪ ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದರು. ಅಲ್ಲಿ ಎಲ್ಲರೂ ಓದಿ ಬಿಟ್ಟ ಪೇಪರನ್ನು ಸಂಜೆಯ ಬಸ್ಸಿನಲ್ಲಿ ತಿರುವಿಹಾಕುತ್ತ ಬರುತ್ತಿದ್ದರು. ಎಣ್ಣೆ ಹತ್ತಿದ ಬೆರಳಿನ ಗುರುತು ಎಲ್ಲಿದೆಯೋ ಅಲ್ಲಿ ಅವರಿಗೆ ಇಷ್ಟವಾದ ಸುದ್ದಿ ಇದೆ ಎಂದು ನಮಗೆ ಗೊತ್ತಿರುತ್ತಿತ್ತು. ಹೊಸ ಗ್ರಹ, ಹೊಸ ಮಾತ್ರೆ, ಮನುಷ್ಯನ ಹಾಗೆ ನಡೆಯುವ ಯಂತ್ರ, ಇಂಥವೇ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ದೊಡ್ಡಮ್ಮ ಈರುಳ್ಳಿ, ಟೊಮೆಟೊ, ಖಾರ, ನಿಂಬೆಹುಳಿ ಹಾಕಿ ಮಂಡಕ್ಕಿ ಕಲಸಿ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟಿರುತ್ತಿದ್ದಳು. ಒಂದೇ ದೊಡ್ಡ ತಟ್ಟೆ, ಸುತ್ತ ನಾವು. ದೊಡ್ಡಪ್ಪ ಸುದ್ದಿ ಓದುವುದು, ನಾವೆಲ್ಲ ಅಭಿಪ್ರಾಯ ಕೊಡುವುದು. ಜಗತ್ತು ನಮ್ಮ ತೀರ್ಮಾನಕ್ಕೇ ಕಾದು ಕೂತಿದೆಯೇನೋ ಎನ್ನುವ ಗತ್ತು!

ಆ ಅಭಿಪ್ರಾಯಗಳನ್ನು ಈಗ ನೆನೆದರೆ ಒಬ್ಬಳೇ ಕೂತಲ್ಲೇ ನಗು ಬರುತ್ತದೆ. ಬಟನ್ ಇಲ್ಲದ ಫೋನು ಬಂದಿದೆಯೆಂಬ ಸುದ್ದಿ ಓದಿ ದೊಡ್ಡಪ್ಪ, "ಇದು ನಡೆಯಂಗಿಲ್ಲ ಬಿಡ್ರಿ. ಮಂಡಕ್ಕಿ ತಿಂದ ಕೈಯಾಗೆ ಗಾಜು ಮುಟ್ಟಾಕಾಗ್ತೈತಾ?" ಎಂದು ಅದರ ಕಥೆ ಅಲ್ಲಿಗೇ ಮುಗಿಸಿದ್ದರು. ಧಾರಾವಾಹಿಯ ಸೊಸೆ ಮೈತುಂಬ ಒಡವೆ ಹಾಕಿಕೊಂಡೇ ಮಲಗುವುದನ್ನು ಕಂಡು ಅಜ್ಜಿ, "ಮಗ್ಗುಲಾದ್ರೆ ಕಿವಿ ಚುಚ್ಚಂಗಿಲ್ವಾ ಈಕೆಗೆ? ಅತ್ತೆಯಾದೋಳು ಅದನ್ನ ಕೇಳ್ಬೇಕು ಮೊದ್ಲು" ಎಂದು ಕಳವಳಪಡುತ್ತಿದ್ದಳು. ಹಾಡಿನ ಸ್ಪರ್ಧೆಯ ಮಕ್ಕಳನ್ನು ನೋಡಿದಾಗಲೆಲ್ಲ ದೊಡ್ಡಮ್ಮನಿಗೆ ಒಂದೇ ಚಿಂತೆ, ಇವು ಹೋಮ್‌ವರ್ಕ್ ಯಾವಾಗ ಮಾಡ್ತಾವೆ ಅಂತ. ದೊಡ್ಡಪ್ಪನ ಮಗ ಮಂಜಣ್ಣನಿಗೆ ಮಾತ್ರ ಎಲ್ಲವೂ "ಸೂಪರ್". ಅವನ ಅಭಿಪ್ರಾಯಕ್ಕೆ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ.

ಆದರೆ ಒಂದು ಕಟ್ಟಳೆಯಿತ್ತು. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಮೊದಲು ಮಾತಾಡಬೇಕು. ಅವರು ಮಾತು ಮುಗಿಸುವ ತನಕ ತಟ್ಟೆಗೆ ಯಾರೂ ಕೈ ಹಾಕುವಂತಿಲ್ಲ. ಸಣ್ಣವಳು ನಾನು, ಮತ್ತು ನನಗೆ ಉಗ್ಗು. ಸುಮ್ಮನೆ ತಡವರಿಕೆಯಲ್ಲ, ಒಂದು ಅಕ್ಷರಕ್ಕೆ ಸಿಕ್ಕಿಕೊಂಡರೆ ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬರುವಂಥದ್ದು. ಶಾಲೆಯಲ್ಲಿ ನನ್ನ ಮಾತನ್ನು ಯಾರ್ಯಾರೋ ಮುಗಿಸಿಬಿಡುತ್ತಿದ್ದರು. ನಾನು ಹೇಳಹೊರಟಿದ್ದು ಬೇರೆಯೇ ಆಗಿದ್ದರೂ ಹೂಂ ಎಂದು ಕೂತುಬಿಡುತ್ತಿದ್ದೆ. ಹೀಗೇ ಆದರೆ ನಾನು ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತೇನೆ ಎಂಬ ಹೆದರಿಕೆ ಮನೆಯವರಿಗೂ ಇತ್ತು, ನನಗೂ ಇತ್ತು.

ಚಂದ್ರನಲ್ಲಿ ನೀರಿನ ಗುರುತು ಸಿಕ್ಕಿದೆಯೆಂಬ ಸುದ್ದಿ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಮೂರನೇ ಕ್ಲಾಸು. ದೊಡ್ಡಪ್ಪ ಓದಿ, ಕನ್ನಡಕ ತೆಗೆದು, "ಏನಂತೀಯವ್ವಾ ಗಿರಿಜವ್ವಾ?" ಎಂದರು. ಹೇಳಬೇಕಾದ್ದು ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಆದರೆ ಚಂದ್ರ ಎನ್ನಲು ಹೋಗಿ ಮೊದಲಕ್ಷರದಲ್ಲೇ ನಿಂತೆ. ಚ, ಚ, ಚ. ಕಲಸಿದ ಮಂಡಕ್ಕಿ ಎಷ್ಟು ಹೊತ್ತು ಕಾಯುತ್ತದೆ ಹೇಳಿ? ನಿಂಬೆಹುಳಿ ಹೀರಿಕೊಂಡು ಅದು ಕಣ್ಣೆದುರೇ ಕುಗ್ಗತೊಡಗಿತು. ಮೆಣಸಿನಕಾಯಿಯ ಬಿಸಿಯೂ ಆರಿತು. ಮಂಜಣ್ಣ ತಡೆಯಲಾರದೆ, "ಚಂದ್ರನಾಗೆ ಜನ ಅದಾರೆ ಅಂತಾಳೆ" ಎಂದ. ದೊಡ್ಡಪ್ಪ ಅವನ ಕಡೆ ತಿರುಗಲೂ ಇಲ್ಲ. "ಸುಮ್ನಿರು. ಹೇಳ್ತಾಳೆ" ಎಂದರು ಅಷ್ಟೇ. ಅವರ ಮುಖದಲ್ಲಿ ಅವಸರವಿರಲಿಲ್ಲ, ಕನಿಕರವೂ ಇರಲಿಲ್ಲ. ಕನಿಕರ ಕಂಡಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಬಸ್ಸು ಬಂದೇ ಬರುತ್ತದೆಂದು ಗೊತ್ತಿರುವವರ ಹಾಗೆ ಕೂತಿದ್ದರು.

ಕೊನೆಗೂ ಬಂತು. "ಚಂದ್ರನಾಗೆ ನೀರಿದ್ರೆ, ಅಲ್ಲಿ ದಿನಾ ನಲ್ಲಿ ಬರ್ತೈತಾ?" ದಾವಣಗೆರೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ದಿನವೆಂದರೆ ಮನೆಮನೆಯಲ್ಲೂ ಕೊಡ, ಬಕೆಟ್ಟು, ಪಾತ್ರೆಗಳ ಜಾತ್ರೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದೊಡ್ಡಪ್ಪ ಮಾತ್ರ ನಗಲಿಲ್ಲ, ಗಂಭೀರವಾಗಿ ತಲೆಯಾಡಿಸಿದರು. "ಪಾಯಿಂಟ್ ಐತೆ. ನೀರಿದ್ರೆ ಸಾಲದು, ಬಿಡೋನು ಬೇಕಲ್ಲ" ಎಂದು ಮೊದಲ ಮುಷ್ಟಿ ಮಂಡಕ್ಕಿಯನ್ನು ನನ್ನ ಕೈಗೆ ಹಾಕಿದರು. ಗರಿಗರಿ ಎನ್ನುವುದು ಹೆಸರಿಗೂ ಉಳಿದಿರಲಿಲ್ಲ. ಆ ಮನೆಯಲ್ಲಿ ನಾನಿದ್ದಷ್ಟು ವರ್ಷ ಎಲ್ಲರೂ ಮೆತ್ತಗಿನ ಮಂಡಕ್ಕಿಯನ್ನೇ ತಿಂದರು, ಒಬ್ಬರೂ ಒಂದು ದಿನ ಗೊಣಗಲಿಲ್ಲ.

ಈಗ ನಾನು ಮಲೆಬೆನ್ನೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಉಗ್ಗು ಪೂರ್ತಿ ಹೋಗಿಲ್ಲ, ಆದರೆ ಅದಕ್ಕೆ ನಾನು ಹೆದರುವುದಿಲ್ಲ. ಕೈಯಲ್ಲಿರುವ ಫೋನಿಗೆ ಬಾಯಲ್ಲೇ ಏನಾದರೂ ಕೇಳಿದರೆ, ನಾನು ಒಂದು ಅಕ್ಷರಕ್ಕೆ ನಿಂತ ಕೂಡಲೇ ಅದು ತಾನೇ ಏನೋ ಊಹಿಸಿ ಉತ್ತರ ಕೊಟ್ಟುಬಿಡುತ್ತದೆ. ಥೇಟ್ ಮಂಜಣ್ಣ! ಆಗೆಲ್ಲ ದೊಡ್ಡಪ್ಪ ನೆನಪಾಗುತ್ತಾರೆ. ಅಜ್ಜಿ ತೀರಿಕೊಂಡಳು, ಹಳೇಪೇಟೆಯ ಮನೆ ಕೆಡವಿದರು. ಆ ಜಾಗದಲ್ಲೀಗ ಬಟನ್ ಇಲ್ಲದ ಫೋನುಗಳನ್ನೇ ಮಾರುವ ಅಂಗಡಿಯಿದೆ. ದೊಡ್ಡಪ್ಪ ದೊಡ್ಡಮ್ಮ ಹರಿಹರಕ್ಕೆ, ಮಂಜಣ್ಣನ ಮನೆಗೆ ಹೋದರು. ಅಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಅಷ್ಟಿಷ್ಟು ಸುಧಾರಿಸಿದವು, ಮಾತು ಮಾತ್ರ ಸಿಕ್ಕಿಹಾಕಿಕೊಂಡಿತು.

ನಮ್ಮವರ ನೌಕೆ ಚಂದ್ರನ ಮೇಲೆ ಇಳಿಯುವ ಸಂಜೆ ನಾನು ಬೇಕೆಂದೇ ಹರಿಹರಕ್ಕೆ ಹೋದೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಇವತ್ತು ಯಾರು ಮೊದಲು ಮಾತಾಡೋದು ಎಂದು ತಮಾಷೆಗೆ ಕೇಳಿದೆ. ಅವಳು ಕೈ ನಿಲ್ಲಿಸಿದಳು. "ಮೊದ್ಲು ನಮ್ಮ ಮನ್ಯಾಗೆ ಆ ಪದ್ಧತಿ ಎಲ್ಲಿತ್ತವ್ವಾ? ಅತ್ತೇರು ಮಾತಾಡಿದ ಮೇಲೇ ಉಳಿದೋರದ್ದು. ನೀನು ಬಂದ ವಾರವೇ ಇವರು ಎಲ್ಲರನ್ನೂ ಕೂಡ್ರಿಸಿ ಹೇಳಿದ್ರು, ಇವತ್ತಿಂದ ಸಣ್ಣೋರು ಮೊದ್ಲು ಅಂತ" ಎಂದಳು. ಕಣ್ಣೊರೆಸಿಕೊಂಡು, "ಈಗ ಮನ್ಯಾಗೆ ಎಲ್ಲರಿಗಿಂತ ಸಣ್ಣೋರು ಅಂದ್ರೆ ಅವರೇ. ಅವರನ್ನೇ ಕೇಳು" ಎಂದಳು. ಅದು ಈರುಳ್ಳಿಯ ನೀರೋ ಏನೋ, ನನ್ನ ಕಣ್ಣಲ್ಲೂ ಇತ್ತು.

ನೌಕೆ ಇಳಿಯಿತು. ಟಿವಿಯೊಳಗಿದ್ದವರೂ ಬೀದಿಯವರೂ ಒಟ್ಟಿಗೇ ಕೂಗಿದರು, ಮಂಜಣ್ಣ "ಸೂಪರ್" ಎಂದ. ತಟ್ಟೆ ನಡುವೆ ಬಂತು. ನಾನು ದೊಡ್ಡಪ್ಪನ ಮುಂದೆ ಕೂತು, "ಏನಂತೀರಿ ದೊಡ್ಡಪ್ಪಾ?" ಎಂದೆ. ಅವರ ತುಟಿ ಅಲುಗಿತು. ನ, ನ ಎಂದು ನಿಂತಿತು. ಕತ್ತಿನ ನರ ಉಬ್ಬಿತು. ಮಂಜಣ್ಣ ಏನೋ ಹೇಳಲು ಬಾಯಿ ತೆರೆದ. "ಸುಮ್ನಿರು. ಹೇಳ್ತಾರೆ" ಎಂದಳು ದೊಡ್ಡಮ್ಮ. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಅವರಿಗೆ ಹೇಳಲಿಕ್ಕಾಗದೆ ಹೋದರೆ ಏನು ಗತಿ ಎಂದು ಹೆದರಿದ್ದೆ, ಆದರೂ ಮುಖದಲ್ಲಿ ಅವಸರವಾಗಲಿ ಕನಿಕರವಾಗಲಿ ಕಾಣದ ಹಾಗೆ ಕೂತಿದ್ದೆ. ಅದನ್ನು ಅವರಿಂದಲೇ ಕಲಿತಿದ್ದೆನಲ್ಲ.

"ನ... ನಲ್ಲಿ... ಬಂತಾ... ಕೇಳವ್ವಾ" ಎಂದರು.

ಅವರು ನನಗೆ ಹೇಳಿದ ಕೊನೆಯ ಅಭಿಪ್ರಾಯ ಅದು. ಆ ಚಳಿಗಾಲ ಅವರು ಉಳಿಯಲಿಲ್ಲ. ಅವತ್ತು ನಾನು ನಗುತ್ತ ಅಳುತ್ತ ಮೊದಲ ಮುಷ್ಟಿಯನ್ನು ಅವರ ಕೈಗೆ ಹಾಕಿದೆ. ಮಂಡಕ್ಕಿ ಪೂರ್ತಿ ಮೆತ್ತಗಾಗಿತ್ತು. ಎಲ್ಲರೂ ತಿಂದೆವು.